ದುರ್ಗಕ್ಕೆ ಬಂದ ಹಂಸ, ಬಾರದ ಕಪ್ಪು ಕುರಿ

ಕಲಾವಿದನೊಬ್ಬನ ಕೊನೆಯ ಕೃತಿಯನ್ನೋ ಆಟಗಾರನೊಬ್ಬನ ಕೊನೆಯ ಪಂದ್ಯವನ್ನೋ ಕನ್ನಡ ಪತ್ರಿಕೆಗಳು ‘ಹಂಸಗೀತೆ’ ಎಂದು ಕರೆಯುವಾಗ, ಆ ಪದ ಹಳಗನ್ನಡದ ಕಾಲದಿಂದಲೂ ಇಲ್ಲಿಯೇ ಇತ್ತೇನೋ ಎಂಬ ಭಾವನೆ ಓದುಗರಲ್ಲಿ ಮೂಡುತ್ತದೆ. ಪದದ ಎರಡು ಅಂಗಗಳೂ ಸಂಸ್ಕೃತದವು, ಸಮಾಸವೂ ನಿರ್ದುಷ್ಟವಾದದ್ದು. ಆದರೆ ಒಳಗಿನ ಅರ್ಥ ಮಾತ್ರ ಗ್ರೀಸಿನಲ್ಲಿ ಹುಟ್ಟಿ, ಜರ್ಮನ್ ಭಾಷೆಯ ಮೂಲಕ ಇಂಗ್ಲಿಷನ್ನು ಸೇರಿ, ಅಲ್ಲಿಂದ ಕನ್ನಡಕ್ಕೆ ಇಳಿದದ್ದು. ಹಂಸ ತನ್ನ ಅತ್ಯಂತ ಇಂಪಾದ ಹಾಡನ್ನು ಸಾಯುವ ಮುನ್ನ ಹಾಡುತ್ತದೆ ಎಂಬುದು ಗ್ರೀಕರ ನಂಬಿಕೆಯಾಗಿತ್ತು. ಪ್ಲೇಟೋ ತನ್ನ ‘ಫೀಡೋ’ ಸಂವಾದದಲ್ಲಿ ಈ ನಂಬಿಕೆಯನ್ನು ವಿಷದ ಬಟ್ಟಲಿಗಾಗಿ ಕಾದು ಕುಳಿತ ಸಾಕ್ರಟೀಸನ ಬಾಯಿಂದಲೇ ಆಡಿಸುತ್ತಾನೆ: ಆ ಹಾಡು ಗೋಳಲ್ಲ, ಒಡೆಯನಾದ ಅಪೊಲೊ ದೇವನ ಬಳಿಗೆ ಹೋಗುವ ಸಂತೋಷ, ಸಾವಿಗೆ ಅಂಜುವ ಮನುಷ್ಯರು ತಮ್ಮ ಅಂಜಿಕೆಯನ್ನು ಹಕ್ಕಿಯ ಮೇಲೆ ಹೊರಿಸಿದ್ದಾರೆ ಎಂಬುದು ಅಲ್ಲಿನ ವಾದ. ಕ್ರಿಸ್ತಶಕ ಮೊದಲನೆಯ ಶತಮಾನದಲ್ಲಿ ರೋಮಿನ ಪ್ಲಿನಿ ಇದೆಲ್ಲ ಸುಳ್ಳೆಂದು ಬರೆದರೂ ನುಡಿಗಟ್ಟು ಅವನ ಮಾತಿಗೆ ಕಿವಿಗೊಡಲಿಲ್ಲ. 1828ರಲ್ಲಿ ತೀರಿಕೊಂಡ ಶೂಬರ್ಟನ ಕೊನೆಯ ಹಾಡುಗಳನ್ನು ಮರುವರ್ಷ ಅಚ್ಚು ಹಾಕಿದ ಪ್ರಕಾಶಕನು ಆ ಸಂಪುಟಕ್ಕೆ ಇಟ್ಟ ಹೆಸರಿನ ಅರ್ಥವೂ ಹಂಸಗೀತೆಯೇ.

ಕನ್ನಡದಲ್ಲಿ ಈ ಪದ ಮನೆಮಾತಾದುದರಲ್ಲಿ ಚಿತ್ರದುರ್ಗದ ಪಾಲು ಸಿಂಹಪಾಲು. (ಸಿಂಹಪಾಲು ಎಂಬುದೂ ಹೊರಗಿನದೇ, ಈಸೋಪನ ಕಥೆಯಲ್ಲಿ ಸಿಂಹ ಬೇಟೆಯನ್ನೆಲ್ಲ ತಾನೇ ನುಂಗಿದರೆ, ಇಂಗ್ಲಿಷಿಗೂ ಕನ್ನಡಕ್ಕೂ ಬರುವ ಹೊತ್ತಿಗೆ ಅದು ದೊಡ್ಡ ಪಾಲಿಗೆ ತೃಪ್ತಿಪಡುವಷ್ಟು ಸಾಧುವಾಗಿದೆ.) ತಳುಕಿನ ಮನೆತನದ ತ.ರಾ. ಸುಬ್ಬರಾಯರು, ಅಂದರೆ ತ.ರಾ.ಸು. (1920–1984), ದುರ್ಗದ ಹಿನ್ನೆಲೆಯಲ್ಲಿ ಭೈರವಿ ವೆಂಕಟಸುಬ್ಬಯ್ಯನೆಂಬ ಗಾಯಕನ ಬದುಕನ್ನು ಕಾದಂಬರಿಯಾಗಿಸಿ ಅದಕ್ಕೆ ‘ಹಂಸಗೀತೆ’ ಎಂದು ಹೆಸರಿಟ್ಟರು. 1975ರಲ್ಲಿ ಜಿ.ವಿ. ಅಯ್ಯರ್ ಅದನ್ನು ಅದೇ ಹೆಸರಿನಲ್ಲಿ ಚಲನಚಿತ್ರವಾಗಿಸಿದಾಗ, ಅದರಲ್ಲಿ ಹಾಡಿದ ಎಂ. ಬಾಲಮುರಳಿಕೃಷ್ಣ ಅವರಿಗೆ ರಾಷ್ಟ್ರಪ್ರಶಸ್ತಿ ಬಂದು, ಪುಸ್ತಕ ಓದದವರಿಗೂ ಪದದ ಪರಿಚಯವಾಯಿತು. ಇದಕ್ಕೆ ಮೊದಲೇ, 1956ರಲ್ಲಿ, ಇದೇ ಕಾದಂಬರಿಯನ್ನು ಆಧರಿಸಿ ಬಂದ ಹಿಂದಿ ಚಿತ್ರದ ಹೆಸರು ‘ಬಸಂತ್ ಬಹಾರ್’; ಹಿಂದಿಗೆ ಹೋಗುವಷ್ಟರಲ್ಲಿ ಸಾಯುವ ಹಂಸ ಮಾಯವಾಗಿ ವಸಂತದ ಎರಡು ರಾಗಗಳು ಅದರ ಜಾಗದಲ್ಲಿ ಕುಳಿತುಬಿಟ್ಟವು. 1779ರಲ್ಲಿ ಹೈದರಾಲಿಗೆ ಸೋತು ಅಸ್ತಮಿಸಿದ ದುರ್ಗದ ನಾಯಕರ ಕಥೆಯನ್ನು ಕಾದಂಬರಿಯಿಂದ ಕಾದಂಬರಿಗೆ ಹಿಂಬಾಲಿಸಿದ ಲೇಖಕನಿಗೆ, ಕೊನೆಯ ಗಳಿಗೆಯಲ್ಲಿಯೇ ಶಿಖರ ಮುಟ್ಟುವುದನ್ನು ಸೂಚಿಸುವ ಈ ಪದ ಹಿಡಿಸಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಆಶ್ಚರ್ಯವಿರುವುದು ಬೇರೆಡೆ. ಭಾರತೀಯ ಪರಂಪರೆಯ ಹಂಸಕ್ಕೆ ಕೆಲಸಗಳು ಹಲವು: ಹಾಲನ್ನೂ ನೀರನ್ನೂ ಬೇರ್ಪಡಿಸುವುದು, ಬ್ರಹ್ಮನನ್ನು ಹೊರುವುದು, ನಳನ ಮಾತನ್ನು ದಮಯಂತಿಗೆ ಮುಟ್ಟಿಸುವುದು, ದೇಹದೊಳಗಿನ ಜೀವಕ್ಕೆ ಹೆಸರಾಗುವುದು. ಸಾಯುತ್ತ ಹಾಡುವುದು ಮಾತ್ರ ಈ ಪಟ್ಟಿಯಲ್ಲಿಲ್ಲ. ಕರ್ನಾಟಕ ಸಂಗೀತದಲ್ಲಂತೂ ಹಂಸಧ್ವನಿ ರಾಗ ಕಚೇರಿಯ ಆರಂಭದ ಗಣಪತಿ ಸ್ತುತಿಗೆ ಮೀಸಲೆನ್ನುವಷ್ಟು ಮಂಗಳಕರ. ಒಂದೇ ಹಕ್ಕಿಯ ದನಿಯಿಂದ ಕಚೇರಿ ತೊಡಗುವುದು ಇಲ್ಲಿನ ರೂಢಿಯಾದರೆ, ಅದೇ ದನಿಯಿಂದ ಬದುಕು ಮುಗಿಯುವುದು ಅಲ್ಲಿನ ಕಲ್ಪನೆ. ಕೊನೆಯ ಬೆಳಗನ್ನು ಹೇಳಲು ಕನ್ನಡಕ್ಕೆ ಮಾತೇ ಇರಲಿಲ್ಲವೆಂದೂ ಅಲ್ಲ, ಆರುವ ದೀಪ ಜೋರಾಗಿ ಉರಿಯುತ್ತದೆ ಎಂಬ ಮಾತು ಊರೂರಿನಲ್ಲಿದೆ. ಆದರೆ ಆ ದೀಪದಲ್ಲಿ ಕಲೆಯಿಲ್ಲ, ಗಾಯಕನ ಕಥೆಗೆ ಅದು ಒದಗುವುದಿಲ್ಲ. ಇನ್ನು ಹಕ್ಕಿಯ ಮಾತಿಗೆ ಬಂದರೆ, ಯುರೋಪಿನ ಆ ನೀಳಕತ್ತಿನ ಬಿಳಿಯ ಹಕ್ಕಿ ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರದ ಹಿನ್ನೀರಿಗಾಗಲಿ, ಹೆಸರಿನಲ್ಲೇ ಕೆರೆಯನ್ನಿಟ್ಟುಕೊಂಡ ಹೊಳಲ್ಕೆರೆಗಾಗಲಿ ಬರುವ ಜಾತಿಯದಲ್ಲ. ಸಂಸ್ಕೃತ ಕವಿಗಳ ಹಂಸ ವಾಸ್ತವದಲ್ಲಿ ಹಿಮಾಲಯದಾಚೆಯಿಂದ ಚಳಿಗಾಲಕ್ಕೆ ಇಳಿಯುವ ಪಟ್ಟೆತಲೆಯ ಹೆಬ್ಬಾತು ಎಂಬ ಅಭಿಪ್ರಾಯವಿದ್ದು, ಅದರ ಕೂಗನ್ನು ಕೇಳಿದ ಯಾರೂ ಅದಕ್ಕೆ ಸಂಗೀತವೆಂದು ಹೆಸರಿಡಲಾರರು.

ಹೀಗೆ ಯಾರೂ ಸಾಕದ, ಹೆಚ್ಚಿನವರು ಕಾಣದ ಪ್ರಾಣಿಯಾದ್ದರಿಂದಲೇ ಹಂಸದ ಮೇಲೆ ಹೊಸ ಅರ್ಥವನ್ನು ಹೇರುವುದು ಸುಲಭವಾಯಿತೆಂದು ತೋರುತ್ತದೆ. ಸಯಾಮಿನ ಅರಸರ ಕಥೆಯ ಜೊತೆ ಬಂದ ‘ಬಿಳಿಯಾನೆ’, ಅಂದರೆ ಸಾಕಲೂ ಆಗದ ಬಿಡಲೂ ಆಗದ ದುಬಾರಿ ಹೊರೆ, ಇಂದ್ರನ ಐರಾವತವೂ ಬಿಳಿಯಾನೆಯೇ ಎಂಬುದನ್ನು ಮರೆಸಿ ಪತ್ರಿಕಾಭಾಷೆಯಲ್ಲಿ ನೆಲೆಯೂರಿದೆ. ಸರ್ಕಾರಿ ಸಾರಿಗೆಯ ಐಷಾರಾಮಿ ಬಸ್ಸಿಗೆ ಐರಾವತವೆಂದು ಹೆಸರಿಟ್ಟವರಿಗೂ ಅದು ನೆನಪಾದಂತಿಲ್ಲ. ಹಾವಿನ ವಿಷಯ ಬೇರೆ. ಹುಲ್ಲಿನಲ್ಲಿ ಅಡಗಿದ ಹಾವೆಂದರೆ ಇಂಗ್ಲಿಷಿನಲ್ಲಿ ಗುಪ್ತದ್ರೋಹಿ, ಆದರೆ ತ.ರಾ.ಸು. ಅವರ ಕಾದಂಬರಿಗಳಿಂದ ಪುಟ್ಟಣ್ಣ ಕಣಗಾಲ್ 1972ರಲ್ಲಿ ರೂಪಿಸಿದ ‘ನಾಗರಹಾವು’ ಚಿತ್ರದ ರಾಮಾಚಾರಿಯಲ್ಲಿ ಅಡಗುವ ಗುಣವೇ ಇಲ್ಲ. ಹೆಡೆಯೆತ್ತಿ ಬುಸುಗುಟ್ಟುವ ಅವನ ರೋಷ ಎಲ್ಲರಿಗೂ ಕಾಣುವಂಥದು. ಪೂಜೆಗೂ ಭಯಕ್ಕೂ ಒಟ್ಟಿಗೆ ಪಾತ್ರವಾದ ಹಾವನ್ನು ಬರಿಯ ಕಪಟಿಯಾಗಿಸಲು ಕನ್ನಡ ಒಪ್ಪಿಲ್ಲ.

ಎಲ್ಲಕ್ಕಿಂತ ಗಟ್ಟಿಯಾಗಿ ಹಟ ಹಿಡಿದು ನಿಂತದ್ದು ಕುರಿ. ಮನೆತನಕ್ಕೆ ಕಳಂಕ ತರುವವನನ್ನು ಇಂಗ್ಲಿಷಿನವರು ಕಪ್ಪು ಕುರಿ ಎನ್ನುವುದಕ್ಕೆ ಉಣ್ಣೆಯ ವ್ಯಾಪಾರವೇ ಕಾರಣವೆಂದು ಸಾಮಾನ್ಯವಾಗಿ ವಿವರಿಸಲಾಗುತ್ತದೆ: ಬಿಳಿಯ ಉಣ್ಣೆಗೆ ಬೇಕಾದ ಬಣ್ಣ ಕೊಡಬಹುದು, ಕಪ್ಪು ಉಣ್ಣೆಗೆ ಬಣ್ಣ ಹತ್ತದು, ಆದ್ದರಿಂದ ಅದಕ್ಕೆ ಬೆಲೆ ಕಡಿಮೆ. ಚಿತ್ರದುರ್ಗ ಸೀಮೆಯಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. ಚಳ್ಳಕೆರೆಯ ಕಂಬಳಿ ಹೆಸರಾದದ್ದು. ಹಿರಿಯೂರು, ಹೊಸದುರ್ಗಗಳ ಒಣಭೂಮಿಯಲ್ಲಿ ಹಿಂಡು ಮೇಯಿಸುವವನ ಹೆಗಲ ಮೇಲಿರುವುದು ಕರಿ ಕಂಬಳಿ. ಬಣ್ಣ ಹಾಕದೆಯೇ ಕಪ್ಪಾಗಿ ನೇಯಬಹುದಾದ ಉಣ್ಣೆಯನ್ನು ಕೊಡುವ ಕುರಿ ಇಲ್ಲಿ ಕಳಂಕವಾಗಲು ಹೇಗೆ ಸಾಧ್ಯ? ಕುರುಬರ ಆಚರಣೆಯಲ್ಲಿ ದೇವರ ಗದ್ದುಗೆಗೆ ಹಾಸುವುದೂ ಕರಿ ಕಂಬಳಿಯನ್ನೇ. ಅನುವಾದಗಳಲ್ಲಿ ಆಗೀಗ ‘ಕಪ್ಪು ಕುರಿ’ ತಲೆಹಾಕುವುದುಂಟು, ಆದರೆ ಆಡುಮಾತಿನ ಹಟ್ಟಿಯೊಳಗೆ ಅದಕ್ಕೆ ಪ್ರವೇಶ ಸಿಕ್ಕಿಲ್ಲ. ಕುರಿಯ ಚರ್ಮ ಹೊದ್ದ ತೋಳಕ್ಕೂ ಹೆಚ್ಚು ಕಡಿಮೆ ಇದೇ ಗತಿ. ಆ ಜಾಗದಲ್ಲಿ ‘ಗೋಮುಖವ್ಯಾಘ್ರ’ ಮೊದಲೇ ಕುಳಿತಿತ್ತು. ತೋಳಕ್ಕೆ ಇಲ್ಲಿನ ಸ್ವಂತ ಗಾದೆಯೂ ಉಂಟು: ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು. ಅದರ ಹಿಂದೆ ಕಾವಲು ಕಾದು ಬೇಸತ್ತವರ ಸಿಟ್ಟು ಇದೆಯೇ ಹೊರತು ನೀತಿಬೋಧೆಯಿಲ್ಲ.

ಇಂಗ್ಲಿಷಿನ ‘ಸ್ಕೇಪ್‌ಗೋಟ್’ ಕನ್ನಡದಲ್ಲಿ ‘ಬಲಿಪಶು’ ಆದದ್ದು ಇನ್ನೂ ಗೋಜಲಿನ ಸಂಗತಿ. 1530ರಲ್ಲಿ ವಿಲಿಯಂ ಟಿಂಡೇಲ್ ಬೈಬಲಿನ ಭಾಗವೊಂದನ್ನು ಅನುವಾದಿಸುವಾಗ ಕಟ್ಟಿದ ಆ ಪದದ ಆಡು, ಜನರ ಪಾಪವನ್ನು ಹೊತ್ತು ಜೀವಂತವಾಗಿ ಅಡವಿಗೆ ಅಟ್ಟಿಸಿಕೊಂಡದ್ದು. ಬಲಿಯಾದದ್ದು ಅದರ ಜೊತೆಗಿದ್ದ ಇನ್ನೊಂದು ಆಡು. ಕನ್ನಡದ್ದೇ ಆದ ‘ಹರಕೆಯ ಕುರಿ’ ಇವೆರಡನ್ನೂ ಹೋಲುವುದಿಲ್ಲ. ಅದು ಯಾರ ಪಾಪವನ್ನೂ ಹೊರುವುದಿಲ್ಲ. ದೇವರ ಹೆಸರಿಗೆ ಬಿಟ್ಟಂದಿನಿಂದ ಚೆನ್ನಾಗಿ ಮೇಯುತ್ತದೆ, ಜಾತ್ರೆಯ ದಿನ ಮೈಮೇಲೆ ನೀರು ಚಿಮುಕಿಸಿದಾಗ ಮೈ ಕೊಡವಿದರೆ ದೇವರು ಒಪ್ಪಿದನೆಂದು ಜನ ತಿಳಿಯುತ್ತಾರೆ. 1959ರ ಕಾಯ್ದೆ ಪ್ರಾಣಿಬಲಿಯನ್ನು ನಿಷೇಧಿಸಿದ ಮೇಲೂ ನುಡಿಗಟ್ಟು ಬಡವಾಗಿಲ್ಲ. ಸೋಲು ಖಚಿತವೆಂದು ಪಕ್ಷಕ್ಕೆ ಗೊತ್ತಿದ್ದೂ ಟಿಕೆಟ್ ಪಡೆದು, ಹಾರ ಹಾಕಿಸಿಕೊಂಡು, ತೆರೆದ ವಾಹನದಲ್ಲಿ ನಿಂತು ಬರುವ ಅಭ್ಯರ್ಥಿಗೆ ಪತ್ರಿಕೆಗಳು ಇಂದಿಗೂ ಕೊಡುವ ಹೆಸರು ಅದೇ.