ನಾಯಿಗಳ ಬೆನ್ನುಹುರಿಯ ಗಡ್ಡೆ: ಮಾರಂಡಹಳ್ಳಿ ಸೀಮೆಯಲ್ಲಿ ರೋಗನಿರ್ಣಯದ ವಿಚಾರ

ನಾಯಿಯ ಬೆನ್ನುಹುರಿಯ ಗಡ್ಡೆಗಳನ್ನು ಅವು ಬೆಳೆಯುವ ಜಾಗ ನೋಡಿ ಮೂರು ಬಗೆಯಾಗಿ ವಿಂಗಡಿಸುವುದು ವಾಡಿಕೆ. ಹುರಿಯನ್ನು ಸುತ್ತಿದ ಗಟ್ಟಿಪೊರೆಯ ಹೊರಗೆ ಬೆಳೆಯುವವು ಸುಮಾರು ಅರ್ಧದಷ್ಟು. ಕಶೇರುಕದಲ್ಲೇ ಹುಟ್ಟುವ ಆಸ್ಟಿಯೋಸಾರ್ಕೋಮಾ ಮತ್ತು ಬೇರೆ ಅಂಗಗಳಿಂದ ಹರಡಿ ಬರುವ ಗಡ್ಡೆಗಳು ಈ ಗುಂಪಿನವು. ಪೊರೆಯ ಒಳಗಿದ್ದು ಹುರಿಯನ್ನು ಹೊರಗಿನಿಂದ ಒತ್ತುವವು ಮೆನಿಂಜಿಯೋಮಾ ಮತ್ತು ನರದ ಹೊದಿಕೆಯ ಗಡ್ಡೆಗಳು. ಹುರಿಯೊಳಗೇ ಬೆಳೆಯುವವು ಕಡಿಮೆ. ಹೆಚ್ಚಿನವು ನಡುವಯಸ್ಸು ದಾಟಿದ ದೊಡ್ಡ ಮೈಯ ನಾಯಿಗಳಲ್ಲಿ ಕಾಣುತ್ತವೆ. ನೆಫ್ರೋಬ್ಲಾಸ್ಟೋಮಾ ಮಾತ್ರ ಎಳೆಯ ನಾಯಿಗಳ ರೋಗ.

ಧರ್ಮಪುರಿ ಜಿಲ್ಲೆಯ ಮಾರಂಡಹಳ್ಳಿಯಂಥ ಊರಿನಲ್ಲಿ ಈ ವಿಂಗಡಣೆಗಿಂತ ಮೊದಲು ಏಳುವ ಪ್ರಶ್ನೆ ಬೇರೆ: ತೋಟ ಕಾಯುವ ನಾಯಿಯ ಹಿಂಗಾಲು ಬಿದ್ದುಹೋದರೆ ಅದಕ್ಕೆ ಕಾರಣವೇನು? ಮೊದಲು ಯೋಚಿಸಬೇಕಾದದ್ದು ಹುಚ್ಚುನಾಯಿ ರೋಗ. ಲಸಿಕೆಯಿಲ್ಲದ ನಾಯಿಯಲ್ಲಿ ಪಾರ್ಶ್ವವಾಯು ಕೆಲವೇ ದಿನಗಳಲ್ಲಿ ಏರುತ್ತಾ ಹೋದರೆ ಬರಿಗೈಯಲ್ಲಿ ಬಾಯಿ ಮುಟ್ಟಲೇಬಾರದು. ಬೆನ್ನೆಲುಬಿನ ಡಿಸ್ಕ್ ಜಾರಿದರೆ ಅಥವಾ ಏಟು ಬಿದ್ದರೆ ನಾಯಿ ಸಾಮಾನ್ಯವಾಗಿ ದಿಢೀರನೆ ಕುಸಿಯುತ್ತದೆ. ಗಡ್ಡೆಯ ನಡೆ ಹೆಚ್ಚಾಗಿ ನಿಧಾನ. ವಾರಗಟ್ಟಲೆ ಬೆನ್ನು ಮುಟ್ಟಿದರೆ ಗುರ್‌ ಎನ್ನುವುದು, ಕಟ್ಟೆ ಹತ್ತಲು ಹಿಂಜರಿಯುವುದು, ಪಾದ ಎಳೆದು ಹಿಂಗಾಲಿನ ನಡು ಉಗುರುಗಳ ಮೇಲ್ಭಾಗ ಸವೆಯುವುದು, ಆಮೇಲೆ ಕಾಲು ಸೋಲುವುದು. ಆದರೆ ಗಡ್ಡೆ ತಿಂದ ಕಶೇರುಕ ಮುರಿದರೆ ಅಥವಾ ಒಳಗೆ ರಕ್ತಸ್ರಾವವಾದರೆ ಇದೂ ಒಂದೇ ರಾತ್ರಿಯಲ್ಲಿ ಬಂದಂತೆ ತೋರುತ್ತದೆ.

ಪರೀಕ್ಷೆಗೆ ಮೊದಲು ಬೇಕಾದದ್ದು ಕೈ ಮತ್ತು ತಾಳ್ಮೆ. ಪಾದವನ್ನು ಮಗುಚಿ ನೆಲಕ್ಕಿಟ್ಟರೆ ಆರೋಗ್ಯವಂತ ನಾಯಿ ತಕ್ಷಣ ಸರಿಪಡಿಸಿಕೊಳ್ಳುತ್ತದೆ. ಮುಂಗಾಲು ಸರಿಯಿದ್ದು ಹಿಂಗಾಲು ಮಾತ್ರ ಸೋತರೆ ತೊಂದರೆ ಎದೆಯ ಮೂರನೆಯ ಕಶೇರುಕದ ಹಿಂದೆ. ನಾಲ್ಕೂ ಸೋತರೆ ಸಾಮಾನ್ಯವಾಗಿ ಕತ್ತಿನಲ್ಲಿ. ಬೆರಳನ್ನು ಚಿಮಟದಿಂದ ಬಲವಾಗಿ ಒತ್ತಿದಾಗ ಕಾಲು ಹಿಂದೆಗೆದುಕೊಂಡರೆ ಅದನ್ನು ನೋವಿನ ಅರಿವು ಎನ್ನಲಾಗದು. ನಾಯಿ ತಿರುಗಿ ನೋಡಬೇಕು, ಇಲ್ಲವೇ ಕೂಗಬೇಕು.

ಬೀದಿಯಲ್ಲಿ ಅಲೆಯುವ ನಾಯಿಗಳಲ್ಲಿ ಸ್ಪೈರೊಸರ್ಕಾ ಲೂಪಿ ಎಂಬ ಹುಳುವನ್ನೂ ನೆನೆಯಬೇಕು. ಸಗಣಿ ಹುಳ ತಿಂದ ನಾಯಿಯ ಅನ್ನನಾಳದಲ್ಲಿ ಅದು ಗಂಟು ಕಟ್ಟುತ್ತದೆ. ಹಳೆಯ ಗಂಟು ಸಾರ್ಕೋಮಾ ಆಗಬಲ್ಲದು, ದಾರಿತಪ್ಪಿದ ಹುಳು ಬೆನ್ನುಹುರಿಗೂ ಹೋಗಬಲ್ಲದು. ಪಕ್ಕದಿಂದ ತೆಗೆದ ಎಕ್ಸ್‌ರೇಯಲ್ಲಿ ಎದೆಯ ಕಶೇರುಕಗಳ ಕೆಳಬದಿಯಲ್ಲಿ ಹೊಸ ಮೂಳೆ ಚಿಗುರಿರುವುದು ಇದರ ಗುರುತು.

ಎಕ್ಸ್‌ರೇ ಕರಗಿದ ಮೂಳೆಯನ್ನು ತೋರಿಸುತ್ತದೆ, ಪೊರೆಯೊಳಗಿನ ಗಡ್ಡೆಯನ್ನು ತೋರಿಸುವುದಿಲ್ಲ. ಅದಕ್ಕೆ ಎಂಆರ್‌ಐ ಬೇಕು. ಖಚಿತ ಹೆಸರಿಗೆ ಅಂಗಾಂಶ ಪರೀಕ್ಷೆಯೇ ಬೇಕು. ಹೆಚ್ಚಿನ ಸಲಹೆಗೆ ಈ ಸೀಮೆಯವರ ಮುಂದೆ 1985ರಲ್ಲಿ ಆರಂಭವಾದ ನಾಮಕ್ಕಲ್‌ ಪಶುವೈದ್ಯಕೀಯ ಕಾಲೇಜು ಮತ್ತು ಬೆಂಗಳೂರಿನ ಹೆಬ್ಬಾಳದ ಕಾಲೇಜುಗಳಿವೆ.

ಪೊರೆಯೊಳಗಿನ ಮೆನಿಂಜಿಯೋಮಾವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದು ವಿಕಿರಣ ಕೊಟ್ಟರೆ ನಾಯಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನಡೆದಾಡಬಹುದು. ಮೂಳೆಯ ಗಡ್ಡೆಗೆ ಆ ಭರವಸೆಯಿಲ್ಲ. ಸ್ಟೀರಾಯ್ಡ್‌ ಕೊಟ್ಟರೆ ಊತ ಇಳಿದು ನಾಯಿ ಎದ್ದು ನಿಲ್ಲುತ್ತದೆ, ಮನೆಯವರು ವಾಸಿಯಾಯಿತೆಂದು ನಂಬುತ್ತಾರೆ. ಲಿಂಫೋಮಾ ಆಗಿದ್ದರೆ ಪರೀಕ್ಷೆಯ ಫಲವೂ ಮಸುಕಾಗುತ್ತದೆ. ಆದ್ದರಿಂದ ಹಳ್ಳಿಯ ಆಸ್ಪತ್ರೆಯ ವೈದ್ಯರು ಮೊದಲ ಸೂಜಿ ಚುಚ್ಚುವ ಮುನ್ನ ನಡಿಗೆ, ನೋವಿನ ಜಾಗ, ಪಾದದ ಪರೀಕ್ಷೆಯ ಫಲ ಇಷ್ಟನ್ನಾದರೂ ಚೀಟಿಯಲ್ಲಿ ಬರೆದು ನಾಯಿಯೊಂದಿಗೆ ಕಳಿಸಬೇಕು.