ಸಿಪಾಯಿಯ ಟೋಪಿಯಲ್ಲಿ ಉಳಿದ ನಕ್ಷತ್ರ

ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆಯ ಮುಂದೆ ಕಾವಲು ನಿಲ್ಲುವ ಕೆಂಪಂಗಿಯ ಸೈನಿಕರು ನೋಡುವವರಿಗೆ ಒಂದೇ ಥರ ಕಾಣುತ್ತಾರೆ. ಆದರೆ ಈ ಕಾಲಾಳು ಗಾರ್ಡ್ಸ್‌ನಲ್ಲಿ ಐದು ರೆಜಿಮೆಂಟುಗಳಿವೆ. ಗುರುತು ಹಿಡಿಯಲು ಎದೆಯ ಮೇಲಿನ ಗುಂಡಿಗಳನ್ನು ನೋಡಬೇಕು: ಗ್ರೆನೇಡಿಯರ್‌ನವರದು ಒಂದೊಂದು, ಕೋಲ್ಡ್‌ಸ್ಟ್ರೀಮ್‌ನವರದು ಎರಡೆರಡು, ಸ್ಕಾಟ್ಸ್‌ನವರದು ಮೂರು ಮೂರು, ಐರಿಷ್‌ನವರದು ನಾಲ್ಕು ನಾಲ್ಕು, ವೆಲ್ಷ್‌ನವರದು ಐದೈದು.

ಇವುಗಳಲ್ಲಿ ಮೂರು ರೆಜಿಮೆಂಟುಗಳ ಟೋಪಿಯ ಬಿಲ್ಲೆ ರಾಜಗೌರವಗಳಿಂದ ಬಂದದ್ದು. ಕೋಲ್ಡ್‌ಸ್ಟ್ರೀಮ್‌ನದು 1348ರ ಸುಮಾರಿಗೆ ಮೂರನೇ ಎಡ್ವರ್ಡ್ ಸ್ಥಾಪಿಸಿದ, ಇಂಗ್ಲೆಂಡಿನ ಗಾರ್ಟರ್ ಗೌರವದ ನಕ್ಷತ್ರ. ಸ್ಕಾಟ್ಸ್ ಗಾರ್ಡ್ಸ್‌ನದು ಸ್ಕಾಟ್ಲೆಂಡಿನ ಥಿಸಲ್ ಗೌರವದ್ದು. ಐರಿಷ್ ಗಾರ್ಡ್ಸ್‌ನದು ಸಂತ ಪ್ಯಾಟ್ರಿಕ್ ಹೆಸರಿನ ಗೌರವದ್ದು. ಮೂರರಲ್ಲಿ ವಿಚಿತ್ರ ಚರಿತ್ರೆ ಈ ಕೊನೆಯದರದೇ.

1782ರಲ್ಲಿ ಐರ್ಲೆಂಡಿನ ಪಾರ್ಲಿಮೆಂಟು ಕಾನೂನು ಮಾಡುವ ಸ್ವಾತಂತ್ರ್ಯ ಪಡೆಯಿತು. ಮರುವರ್ಷವೇ ಮೂರನೇ ಜಾರ್ಜ್ ಈ ಗೌರವವನ್ನು ಹುಟ್ಟುಹಾಕಿದ. ಐರಿಷ್ ಕುಲೀನರನ್ನು ಸಿಂಹಾಸನದ ಜೊತೆ ಕಟ್ಟಿಹಾಕುವುದು ಉದ್ದೇಶ. ಅದರ ಧ್ಯೇಯವಾಕ್ಯ ಲ್ಯಾಟಿನ್ನಿನ ಒಂದು ಪ್ರಶ್ನೆ: 'ನಮ್ಮನ್ನು ಬೇರ್ಪಡಿಸುವವರು ಯಾರು?' ಮುಂದೆ ಸಂಖ್ಯೆ ಏರಿದಾಗಲೂ ಸದಸ್ಯರ ಮಿತಿ 22 ಮಾತ್ರ.

ಬೋಯರ್ ಯುದ್ಧದಲ್ಲಿ ಐರಿಷ್ ಸೈನಿಕರ ಸಾಹಸವನ್ನು ಮೆಚ್ಚಿ ವಿಕ್ಟೋರಿಯಾ ರಾಣಿ 1900ರ ಏಪ್ರಿಲ್ 1ರಂದು ಐರಿಷ್ ಗಾರ್ಡ್ಸ್ ಸ್ಥಾಪಿಸಿದಳು. 22 ಕುಲೀನರಿಗೆ ಮೀಸಲಾಗಿದ್ದ ನಕ್ಷತ್ರ ರೈತರ, ಕೂಲಿಕಾರರ ಮಕ್ಕಳ ಟೋಪಿಗೆ ಬಂತು. ಗೌರವದ ನೀಲಿ ಬಣ್ಣ ಅವರ ಕರಡಿ ತುಪ್ಪಳದ ಟೋಪಿಯ ತುರಾಯಿಗೂ ಬಂತು.

ಗೌರವಕ್ಕೆ ಮಾತ್ರ ಗ್ರಹಚಾರ ಕಾದಿತ್ತು. 1907ರಲ್ಲಿ, ಏಳನೇ ಎಡ್ವರ್ಡ್ ಭೇಟಿಗೆ ಕೆಲವೇ ದಿನ ಮುಂಚೆ, ಅದರ ವಜ್ರಖಚಿತ ಆಭರಣಗಳು ಡಬ್ಲಿನ್ ಕೋಟೆಯಿಂದಲೇ ಕಳುವಾದವು. ಇಂದಿಗೂ ಸಿಕ್ಕಿಲ್ಲ. ಧ್ಯೇಯವಾಕ್ಯದ ಪ್ರಶ್ನೆಗೆ 1922ರಲ್ಲಿ ಉತ್ತರ ಸಿಕ್ಕಿತು: ಐರ್ಲೆಂಡಿನ ಬಹುಭಾಗ ಬೇರೆಯಾಯಿತು. ದಕ್ಷಿಣ ಐರ್ಲೆಂಡಿನ ಹಳೆಯ ಕಾಲಾಳು ರೆಜಿಮೆಂಟುಗಳನ್ನು ಆ ವರ್ಷವೇ ವಿಸರ್ಜಿಸಲಾಯಿತು. ಎರಡು ವರ್ಷ ಹಿಂದೆ ನಮ್ಮ ಜಲಂಧರ್, ಸೋಲನ್‌ಗಳಲ್ಲಿ ಐರ್ಲೆಂಡಿನ ಪರವಾಗಿ ದಂಗೆಯೆದ್ದಿದ್ದ ಕನಾಟ್ ರೇಂಜರ್ಸ್ ಕೂಡ ಅವುಗಳಲ್ಲಿ ಒಂದು. ಐರಿಷ್ ಗಾರ್ಡ್ಸ್ ಉಳಿಯಿತು.

ಆಮೇಲೆ ಈ ಗೌರವ ಮೂವರು ರಾಜಕುಮಾರರಿಗೆ ಮಾತ್ರ ಸಂದಿತು. ಅವರಲ್ಲಿ ಕೊನೆಯವರಾದ ಗ್ಲಾಸ್ಟರ್ ಡ್ಯೂಕ್ ಹೆನ್ರಿ 1974ರಲ್ಲಿ ತೀರಿಕೊಂಡರು. ಗೌರವವನ್ನು ರದ್ದು ಮಾಡಿಲ್ಲ, ಆದರೆ ಅದನ್ನು ಧರಿಸುವವರು ಇಲ್ಲ. ಕುಲೀನರನ್ನು ಒಲಿಸಿಕೊಳ್ಳಲು ಮಾಡಿದ ನಕ್ಷತ್ರ ಇಂದು ಸಿಪಾಯಿಗಳ ಟೋಪಿಯ ಮೇಲಿದೆ, ರೋಮನ್ ಅಂಕಿಯಲ್ಲಿ ಬರೆದ 1783 ಮತ್ತು ಅದೇ ಹಳೆಯ ಪ್ರಶ್ನೆಯೊಂದಿಗೆ.