ಪಟೇಲರ ಪುಸ್ತಕದಲ್ಲಿ ಬರೀ ‘ಜ್ವರ’: ಕಂದಮ್ಮಗಳ ಉಸಿರಿನ ಕಾಯಿಲೆಗೆ ಹೆಸರು ಸಿಕ್ಕ ಕಥೆ

 

2025ರ ಜನವರಿ 6, ಸೋಮವಾರ ನೆನಪಿದೆಯಾ? ಬೆಂಗಳೂರಿನ ಆಸ್ಪತ್ರೆಯೊಂದಕ್ಕೆ ದಾಖಲಾಗಿದ್ದ ಎರಡು ಹಸುಗೂಸುಗಳಲ್ಲಿ ಎಚ್‌ಎಂಪಿವಿ ವೈರಸ್ ಪತ್ತೆಯಾಗಿದೆ ಅಂತ ಕೇಂದ್ರ ಸರ್ಕಾರ ಹೇಳಿತು. ಅಷ್ಟೇ ಸಾಕಾಯ್ತು. ವಾಟ್ಸಾಪ್ ಗ್ರೂಪುಗಳಲ್ಲಿ ‘ಮತ್ತೆ ಲಾಕ್‌ಡೌನ್ ಅಂತೆ’ ಶುರು. ಅದೇ ದಿನ ಸೆನ್ಸೆಕ್ಸ್ 1,200 ಅಂಶಕ್ಕೂ ಹೆಚ್ಚು ಕುಸಿಯಿತು. ಆದರೆ ಆ ಎರಡೂ ಮಕ್ಕಳು ವಿದೇಶಕ್ಕೆ ಹೋಗಿರಲಿಲ್ಲ. ವೈರಸ್ ಹೊಸದೂ ಆಗಿರಲಿಲ್ಲ. ನಿಮಗೂ, ನನಗೂ ಚಿಕ್ಕಂದಿನಲ್ಲಿ ಅದು ಬಂದು ಹೋಗಿರುತ್ತೆ. ಹೊಸದಾಗಿದ್ದದ್ದು ಹೆಸರು ಮಾತ್ರ.

ಹಾಗಾದ್ರೆ ಹೆಸರು ಬರೋಕೆ ಮುಂಚೆ ಏನಿತ್ತು? ಅದನ್ನ ತಿಳಿಯೋಕೆ ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಹೋಗೋಣ.

ಇವತ್ತಿನ ಚಿಕ್ಕಮಗಳೂರು ಜಿಲ್ಲೆಗೆ ಮೈಸೂರು ಸಂಸ್ಥಾನದ ಕಾಲದಲ್ಲಿ ಕಡೂರು ಜಿಲ್ಲೆ ಅಂತಲೇ ಹೆಸರು. ಕಡೂರು ಬಯಲುಸೀಮೆ, ತರೀಕೆರೆ ಅರೆಮಲೆನಾಡು. ಅಜ್ಜಂಪುರ ಆಗ ತರೀಕೆರೆ ತಾಲ್ಲೂಕಿಗೇ ಸೇರಿತ್ತು, ಪ್ರತ್ಯೇಕ ತಾಲ್ಲೂಕಾಗಿದ್ದು ಇತ್ತೀಚೆಗೆ. ಆ ಕಾಲದಲ್ಲಿ ಹಳ್ಳಿಯಲ್ಲಿ ಸಾವಾದರೆ ಲೆಕ್ಕ ಬರೆಯೋರು ಡಾಕ್ಟರಲ್ಲ, ಊರಿನ ಪಟೇಲರು. ಕಾಲರಾ, ಸಿಡುಬು, ಪ್ಲೇಗು ಇವನ್ನ ಕಣ್ಣಿಂದ ನೋಡಿಯೇ ಗುರುತು ಹಿಡಿಯಬಹುದಿತ್ತು. ಉಳಿದದ್ದರಲ್ಲಿ ಬಹುಪಾಲು ಒಂದೇ ಕಾಲಂಗೆ ಹೋಗ್ತಿತ್ತು: ‘ಜ್ವರ’. ಇದು ಮೊದಲೇ ಮಲೇರಿಯಾ ಸೀಮೆ. ಆರು ತಿಂಗಳ ಮಗು ಮೂರು ದಿನ ಕೆಮ್ಮಿ, ಪಕ್ಕೆ ಸೆಳೆದು ಹೋಗಿಬಿಟ್ಟರೂ ಪುಸ್ತಕದಲ್ಲಿ ಅದು ಚಳಿಜ್ವರದ ಸಾವಿನ ಜೊತೆಗೇ ಕೂರುತ್ತಿತ್ತು. ಅಂಥ ಮಕ್ಕಳು ಎಷ್ಟು ಅಂತ ಆ ಕಾಲಂ ನೋಡಿ ಯಾರೂ ಹೇಳೋಕಾಗಲ್ಲ.

1918ರಲ್ಲಿ ಇನ್‌ಫ್ಲುಯೆಂಜಾ ಬಂತು. ಮುಂಬೈ ಬಂದರಲ್ಲಿ ಇಳಿದ ಕಾಯಿಲೆ ರೈಲು ಹಳಿಗಳ ಜೊತೆ ದೇಶದ ಒಳಗೆಲ್ಲ ಹರಡಿತು. ಮೈಸೂರು ಸಂಸ್ಥಾನವೂ ತತ್ತರಿಸಿತು. 1911ರ ಜನಗಣತಿಯಲ್ಲಿ ಸಂಸ್ಥಾನದಲ್ಲಿ ಸುಮಾರು 58 ಲಕ್ಷ ಜನ ಇದ್ದರು. ಹತ್ತು ವರ್ಷ ಕಳೆದು 1921ರಲ್ಲಿ ನೋಡಿದ್ರೆ 60 ಲಕ್ಷವೂ ತುಂಬಿರಲಿಲ್ಲ. ಆಗ ಎಷ್ಟೋ ಡಾಕ್ಟರುಗಳು ಇದಕ್ಕೆ ಬ್ಯಾಕ್ಟೀರಿಯಾ ಕಾರಣ ಅಂದ್ಕೊಂಡಿದ್ದರು. ಮನುಷ್ಯರ ಫ್ಲೂ ವೈರಸ್ಸನ್ನು ಲಂಡನ್ನಿನ ವಿಜ್ಞಾನಿಗಳು ಬೇರ್ಪಡಿಸಿದ್ದು 1933ರಲ್ಲಿ.

ಈಗ ಕಥೆಯ ಮುಖ್ಯ ಪಾತ್ರ. 1956ರಲ್ಲಿ ಅಮೆರಿಕದ ವಾಲ್ಟರ್ ರೀಡ್ ಸಂಶೋಧನಾ ಸಂಸ್ಥೆಯಲ್ಲಿ ಸಾಕಿದ್ದ ಚಿಂಪಾಂಜಿಗಳಿಗೆ ನೆಗಡಿ ಬಂತು. ಮೂಗಿನ ದ್ರವದಲ್ಲಿ ಹೊಸ ವೈರಸ್ ಸಿಕ್ತು. ‘ಚಿಂಪಾಂಜಿ ನೆಗಡಿ’ ಅಂತಲೇ ಹೆಸರಿಟ್ಟರು. 1957ರಲ್ಲಿ ರಾಬರ್ಟ್ ಚಾನಕ್ ಅನ್ನೋ ಮಕ್ಕಳ ವೈದ್ಯರು ಅದೇ ವೈರಸ್ಸನ್ನು ಬಾಲ್ಟಿಮೋರ್‌ನಲ್ಲಿ ಉಸಿರಾಟದ ಕಾಯಿಲೆ ಬಂದ ಮಕ್ಕಳಲ್ಲಿ ಕಂಡರು. ಅಂದ್ರೆ ಇದು ಚಿಂಪಾಂಜಿಗಳಷ್ಟೇ ಅನುಭವಿಸೋ ನೆಗಡಿ ಅಲ್ಲ, ಮನುಷ್ಯರ ಮಕ್ಕಳ ಕಾಯಿಲೆ. ಅದೇ ಇವತ್ತಿನ ಆರ್‌ಎಸ್‌ವಿ.

ತಮಾಷೆ ನೋಡಿ. ಅದೇ 1957ರಲ್ಲಿ ತರೀಕೆರೆಯ ಪಕ್ಕದ ಶಿವಮೊಗ್ಗ ಜಿಲ್ಲೆಯಲ್ಲೂ ಮಂಗಗಳಿಂದಲೇ ಒಂದು ವೈರಸ್ ಪತ್ತೆಯಾಯಿತು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಮಂಗಗಳು ಸಾಯತೊಡಗಿದವು, ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಕಾರಣ ಹುಡುಕಿದರು. ಅದೇ ಮಂಗನ ಕಾಯಿಲೆ. ಮಲೆನಾಡಿನಲ್ಲಿ ಆ ಹೆಸರು ಗೊತ್ತಿಲ್ಲದೋರು ಯಾರೂ ಇಲ್ಲ. ಆದರೆ ಪ್ರತಿ ಮನೆಯ ತೊಟ್ಟಿಲಿಗೂ ಬರೋ ಆರ್‌ಎಸ್‌ವಿ ಹೆಸರು ಎಷ್ಟು ಜನಕ್ಕೆ ಗೊತ್ತು? ಮಂಗ ಸತ್ತು ಬಿದ್ದರೆ ಊರಿಗೇ ಕಾಣುತ್ತೆ. ನೆಗಡಿ ಯಾರಿಗೂ ಸುದ್ದಿ ಅನ್ನಿಸಲ್ಲ.

ದೊಡ್ಡೋರಿಗೆ ಬರೀ ನೆಗಡಿಯಾಗೋದು ಹಸುಗೂಸಿಗೆ ಯಾಕೆ ಆಸ್ಪತ್ರೆ ತೋರಿಸುತ್ತೆ? ಕಾರಣ ಸರಳ. ಮಗುವಿನ ಶ್ವಾಸನಾಳದ ತುದಿಗಳು ತುಂಬಾ ಸಣ್ಣ. ವೈರಸ್ ಬಂದು ಒಳಗೆ ಊದಿಕೊಂಡು, ಕಫ ಕಟ್ಟಿ, ಕೊಳವೆಯ ಅಗಲ ಅರ್ಧಕ್ಕೆ ಇಳಿದರೆ ಗಾಳಿ ಎಳೆಯೋ ಕಷ್ಟ ಎರಡು ಪಟ್ಟಲ್ಲ, ಸುಮಾರು 16 ಪಟ್ಟಾಗುತ್ತೆ. ಮಗು ಹಾಲು ಕುಡಿಯೋದಾ, ಉಸಿರಾಡೋದಾ ಅನ್ನೋ ಸ್ಥಿತಿಗೆ ಬರುತ್ತೆ. ಅದಕ್ಕೇ ಆಸ್ಪತ್ರೆಯಲ್ಲಿ ಕೊಡೋ ಮುಖ್ಯ ಚಿಕಿತ್ಸೆ ಆಮ್ಲಜನಕ, ದ್ರವಾಹಾರ, ಕಾವಲು. ಆಂಟಿಬಯಾಟಿಕ್ ವೈರಸ್ ಮೇಲೆ ಕೆಲಸ ಮಾಡಲ್ಲ.

ಲಸಿಕೆ? ಇಲ್ಲೊಂದು ದುರಂತ ಇದೆ. 1966ರಲ್ಲಿ ಅಮೆರಿಕದಲ್ಲಿ ಸತ್ತ ವೈರಸ್ಸಿನಿಂದ ಮಾಡಿದ ಲಸಿಕೆಯನ್ನು ಮಕ್ಕಳ ಮೇಲೆ ಪರೀಕ್ಷೆ ಮಾಡಿದರು. ಆಮೇಲೆ ಸೋಂಕು ತಗುಲಿದಾಗ ಲಸಿಕೆ ಪಡೆದ ಮಕ್ಕಳಿಗೇ ಕಾಯಿಲೆ ಜೋರಾಯಿತು. ಹಾಗೆ ಸೋಂಕು ತಗುಲಿದ ಮಕ್ಕಳಲ್ಲಿ ಶೇ 80ರಷ್ಟು ಆಸ್ಪತ್ರೆ ಸೇರಿದರು, ಇಬ್ಬರು ತೀರಿಕೊಂಡರು. ದಶಕಗಳ ಕಾಲ ಈ ದಾರಿಗೆ ಬರೋಕೇ ವಿಜ್ಞಾನಿಗಳು ಹಿಂಜರಿದರು.

ಎಡವಟ್ಟು ಎಲ್ಲಾಯ್ತು ಅಂತ ಸರಿಯಾಗಿ ಗೊತ್ತಾಗಿದ್ದು 2013ರಲ್ಲಿ. ವೈರಸ್ಸಿನ ಮೇಲಿರೋ ಎಫ್ ಪ್ರೋಟೀನ್ ಜೀವಕೋಶದ ಒಳಗೆ ನುಗ್ಗೋ ಮುಂಚೆ ಒಂದು ಆಕಾರ, ನುಗ್ಗಿದ ಮೇಲೆ ಇನ್ನೊಂದು ಆಕಾರ. ಹಳೇ ಲಸಿಕೆ ದೇಹಕ್ಕೆ ತೋರಿಸಿದ್ದು ಎರಡನೇ ಆಕಾರ. ಕಳ್ಳ ಮನೆ ಹೊಕ್ಕು ವೇಷ ಬದಲಿಸಿದ ಮೇಲೆ ತೆಗೆದ ಫೋಟೊ ಇಟ್ಟುಕೊಂಡು ಬಾಗಿಲಲ್ಲಿ ಕಾವಲು ಕಾದ ಹಾಗೆ! ಜೇಸನ್ ಮೆಕ್‌ಲೆಲನ್, ಬಾರ್ನಿ ಗ್ರಹಾಂ ಮತ್ತು ಅವರ ತಂಡ ಮೊದಲಿನ ಆಕಾರವನ್ನೇ ಹಿಡಿದಿಟ್ಟು ತೋರಿಸಿತು. ಇದೇ ಉಪಾಯ ಮುಂದೆ ಫೈಜರ್, ಮಾಡರ್ನಾ ಕೋವಿಡ್ ಲಸಿಕೆಗಳಿಗೂ ಕೆಲಸಕ್ಕೆ ಬಂತು. 2023ರಲ್ಲಿ ಅಮೆರಿಕದಲ್ಲಿ ಗರ್ಭಿಣಿಯರಿಗೆ ಆರ್‌ಎಸ್‌ವಿ ಲಸಿಕೆ, ಶಿಶುಗಳಿಗೆ ನಿರ್ಸೆವಿಮಾಬ್ ಅನ್ನೋ ಪ್ರತಿಕಾಯದ ಚುಚ್ಚುಮದ್ದು, ಎರಡಕ್ಕೂ ಒಪ್ಪಿಗೆ ಸಿಕ್ತು.

ಎಚ್‌ಎಂಪಿವಿ ಆರ್‌ಎಸ್‌ವಿಯ ದಾಯಾದಿ. ಅದನ್ನ ನೆದರ್‌ಲೆಂಡ್ಸ್ ವಿಜ್ಞಾನಿಗಳು ಗುರುತಿಸಿದ್ದು 2001ರಲ್ಲಿ. ಆದರೆ 1958ರಿಂದ ಕಾಪಾಡಿ ಇಟ್ಟಿದ್ದ ರಕ್ತದ ಮಾದರಿಗಳಲ್ಲೂ ಅದರ ಗುರುತು ಇತ್ತು! ಅಷ್ಟು ವರ್ಷ ಅದು ನಮ್ಮ ನಡುವೆಯೇ ಓಡಾಡಿಕೊಂಡಿತ್ತು, ಯಾರೂ ಹೆಸರು ಹಿಡಿದು ಕರೆದಿರಲಿಲ್ಲ ಅಷ್ಟೇ.

ಹಾಗಂತ ‘ಹಳೇದು, ಬಿಡಿ’ ಅನ್ನೋ ಹಾಗೂ ಇಲ್ಲ. 2019ರಲ್ಲಿ ಜಗತ್ತಿನಾದ್ಯಂತ ಆರ್‌ಎಸ್‌ವಿಯಿಂದ ಐದು ವರ್ಷದೊಳಗಿನ ಸುಮಾರು 36 ಲಕ್ಷ ಮಕ್ಕಳು ಆಸ್ಪತ್ರೆ ಸೇರಿದರು, ಸುಮಾರು ಒಂದು ಲಕ್ಷ ಮಕ್ಕಳು ಸತ್ತರು ಅಂತ ಅಂದಾಜು. ಸಾವುಗಳಲ್ಲಿ ಶೇ 97 ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ವೈರಸ್ ಎಲ್ಲ ಕಡೆ ಒಂದೇ. ಆಮ್ಲಜನಕ ಎಷ್ಟು ದೂರ ಇದೆ ಅನ್ನೋದು ಮಾತ್ರ ಬೇರೆ ಬೇರೆ. ಅಜ್ಜಂಪುರದ ಹಳ್ಳಿಯಿಂದ ರಾತ್ರಿ ಹೊತ್ತು ಕೂಸನ್ನು ಎತ್ತಿಕೊಂಡು ಶಿವಮೊಗ್ಗಕ್ಕೋ, ಚಿಕ್ಕಮಗಳೂರಿಗೋ ಹೊರಟ ಅಪ್ಪ ಅಮ್ಮನಿಗೆ ಈ ಲೆಕ್ಕ ಬೇರೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಕೊನೆಯದಾಗಿ ಇನ್ನೊಂದು ಇತಿಹಾಸ, ಇದಕ್ಕೆ ಲ್ಯಾಬೂ ಬೇಡ. 1980ರ ದಶಕದಲ್ಲಿ ಪಪುವಾ ನ್ಯೂಗಿನಿಯಲ್ಲಿ, ನಮ್ಮ ಪಕ್ಕದ ವೆಲ್ಲೂರಿನಲ್ಲಿ ಡಾಕ್ಟರುಗಳು ಒಂದು ಪ್ರಶ್ನೆ ಕೇಳಿದರು: ಎಕ್ಸ್‌ರೇ ಇಲ್ಲದೆ ನ್ಯುಮೋನಿಯಾ ಗುರುತಿಸಬಹುದಾ? ಉತ್ತರ, ಉಸಿರು ಎಣಿಸಿ. ಮಹಾರಾಷ್ಟ್ರದ ಗಡ್‌ಚಿರೋಲಿಯಲ್ಲಿ ಅಭಯ್ ಬಂಗ್, ರಾಣಿ ಬಂಗ್ ದಂಪತಿ ಹಳ್ಳಿಯವರಿಗೇ ಇದನ್ನು ಕಲಿಸಿ ಮಕ್ಕಳ ಸಾವು ತಗ್ಗಿಸಿ ತೋರಿಸಿದರು.

ಲೆಕ್ಕ ಇಷ್ಟೇ, ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ. ಮಗು ಅಳದೆ ಸುಮ್ಮನಿರುವಾಗ ಫೋನಿನಲ್ಲಿ ಪೂರ್ತಿ ಒಂದು ನಿಮಿಷ ಇಟ್ಟು ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60, ಎರಡರಿಂದ 12 ತಿಂಗಳೊಳಗೆ 50, ಒಂದರಿಂದ ಐದು ವರ್ಷದೊಳಗೆ 40. ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಅದು ವೇಗದ ಉಸಿರಾಟ, ವೈದ್ಯರಿಗೆ ತೋರಿಸಬೇಕು. ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಒಳಕ್ಕೆ ಹೋಗ್ತಿದ್ರೆ, ಹಾಲು ಕುಡೀದೆ ಇದ್ರೆ, ತುಟಿ ನೀಲಿಯಾದ್ರೆ ಬೆಳಗಾಗಲಿ ಅಂತ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ನಿಮಗೆ ನೆಗಡಿ ಇದ್ದಾಗ ಕೂಸಿಗೆ ಮುತ್ತು ಕೊಡಬೇಡಿ.

ಪಟೇಲರ ಪುಸ್ತಕ ಸಾವಾದ ಮೇಲೆ ತೆರೆಯುತ್ತಿತ್ತು. ಈ ಎಣಿಕೆ ಅದಕ್ಕೆ ಮುಂಚೆ ಮಾಡೋದು. ಮುಂದಿನ ಸಂಚಿಕೆಯಲ್ಲಿ ಸಿಗೋಣ.